ಕಾಣದ ರೋಗಕ್ಕೆ ಮೈಯಲ್ಲಿ ಉತ್ತರವಿತ್ತೇ?

ಹುಟ್ಟಿದ ವಸ್ತು ಹುಟ್ಟುವ ಮೊದಲು ಇತ್ತೋ, ಇರಲಿಲ್ಲವೋ? ಗಡಿಗೆ ಮಣ್ಣಿನಲ್ಲಿ ಅಡಗಿಯೇ ಇತ್ತು, ಕುಂಬಾರ ಅದನ್ನು ಹೊರಗೆ ತಂದ ಎನ್ನುತ್ತಾರೆ ಸತ್ಕಾರ್ಯವಾದಿಗಳಾದ ಸಾಂಖ್ಯರು. ಇರಲೇ ಇಲ್ಲ, ಹೊಸದಾಗಿ ಹುಟ್ಟಿತು ಎನ್ನುತ್ತಾರೆ ಅಸತ್ಕಾರ್ಯವಾದಿಗಳಾದ ನೈಯಾಯಿಕರು. ಕಾರಣರೂಪದಲ್ಲಿ ಇತ್ತು, ಕಾರ್ಯರೂಪದಲ್ಲಿ ಇರಲಿಲ್ಲ ಎಂಬುದು ಮಧ್ವಸಿದ್ಧಾಂತದ ಸದಸತ್ಕಾರ್ಯವಾದ. ಸಾಂತಾಕ್ರೂಜ್ ಪೂರ್ವದ ಪೇಜಾವರ ಮಠದ ಮೂಲಕ ಮುಂಬಯಿಯ ಕನ್ನಡ, ತುಳು ಕುಟುಂಬಗಳಿಗೆ ಪರಿಚಿತವಾದ ಪರಂಪರೆಯ ಮಾತು ಇದು. ಇದೇ ನಗರದಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಬಿ.ಎನ್.ಕೆ. ಶರ್ಮರು ಇಂಗ್ಲಿಷ್ ಓದುಗರಿಗೂ ಅದನ್ನು ತಲುಪಿಸಿದರು. ಸಾಂಖ್ಯರು, ನೈಯಾಯಿಕರು ಇಬ್ಬರನ್ನೂ ಸಮಾಧಾನಪಡಿಸಲು ಹೂಡಿದ ರಾಜಿಯಂತೆ ಈ ವಾದ ಮೇಲುನೋಟಕ್ಕೆ ತೋರಬಹುದು. ಆದರೆ ನಮ್ಮ ದೇಹ ರೋಗಾಣುಗಳನ್ನು ಹಿಡಿಯುವ ಪ್ರತಿಕಾಯಗಳನ್ನು ತಯಾರಿಸುವ ಬಗೆಯನ್ನು ನೋಡಿದರೆ, ಎರಡು ತುದಿಗಳೂ ಸೋತ ಕಡೆ ನಿಲ್ಲಬಲ್ಲ ನಿಲುವು ಇದೊಂದೇ ಎಂಬುದು ನನ್ನ ವಾದ.

ವಿಜ್ಞಾನಿಗಳೂ ಈ ಎರಡು ತುದಿಗಳ ನಡುವೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ತೂಗಾಡಿದರು. ರೋಗಾಣುವಿನ ವಿಷವನ್ನು ಹಿಡಿಯುವ ಅಣುಗಳು ಜೀವಕೋಶಗಳ ಮೇಲೆ ಮೊದಲೇ ಇರುತ್ತವೆ ಎಂದು 19ನೇ ಶತಮಾನದ ಕೊನೆಯಲ್ಲಿ ಪೌಲ್ ಎರ್ಲಿಖ್ ಹೇಳಿದರು. ಕಾರ್ಲ್ ಲ್ಯಾಂಡ್‌ಸ್ಟೈನರ್ ಅವರ ಪ್ರಯೋಗಗಳು ಆ ಮಾತನ್ನು ಅಲುಗಾಡಿಸಿದವು. ಪ್ರಕೃತಿಯಲ್ಲಿ ಎಲ್ಲೂ ಇಲ್ಲದ, ಪ್ರಯೋಗಾಲಯದಲ್ಲಷ್ಟೇ ತಯಾರಾದ ರಾಸಾಯನಿಕಗಳನ್ನು ಪ್ರೋಟೀನಿಗೆ ಅಂಟಿಸಿ ಚುಚ್ಚಿದಾಗಲೂ ಪ್ರಾಣಿಗಳ ರಕ್ತದಲ್ಲಿ ಅವುಗಳಿಗೆ ತಕ್ಕ ಪ್ರತಿಕಾಯಗಳು ಹುಟ್ಟಿದವು. ಜಗತ್ತಿನಲ್ಲೇ ಇಲ್ಲದಿದ್ದ ವಸ್ತುವಿಗೆ ಮೈ ಉತ್ತರವನ್ನು ಮೊದಲೇ ಕೂಡಿಟ್ಟಿತ್ತು ಎಂದು ನಂಬುವುದು ಹೇಗೆ? 1940ರಲ್ಲಿ ಲೈನಸ್ ಪಾಲಿಂಗ್ ವಿರುದ್ಧ ದಿಕ್ಕಿನ ಉತ್ತರ ಕೊಟ್ಟರು: ಹೊರಗಿನಿಂದ ಬಂದ ಪ್ರತಿಜನಕವೇ ಅಚ್ಚು, ಪ್ರತಿಕಾಯ ಅದರ ಮೇಲೆ ಮಡಚಿಕೊಂಡು ಆಕಾರ ಪಡೆಯುತ್ತದೆ. ಅಂದರೆ ಉತ್ತರ ಒಳಗಿರಲಿಲ್ಲ, ಶತ್ರುವೇ ಕಲಿಸಿತು.

ಈ ವಿವರಣೆಯೂ ನಿಲ್ಲಲಿಲ್ಲ. ಪ್ರೋಟೀನಿನ ಆಕಾರವನ್ನು ಮುಖ್ಯವಾಗಿ ನಿರ್ಧರಿಸುವುದು ಅದರ ಅಮೈನೊ ಆಮ್ಲಗಳ ಅನುಕ್ರಮವೇ ಹೊರತು ಹೊರಗಿನ ಅಚ್ಚಲ್ಲ. 1957ರಲ್ಲಿ ಮ್ಯಾಕ್‌ಫರ್ಲೇನ್ ಬರ್ನೆಟ್ ಮಂಡಿಸಿದ ಸಿದ್ಧಾಂತದ ಪ್ರಕಾರ ಪ್ರತಿಕಾಯ ತಯಾರಿಸುವ ಪ್ರತಿಯೊಂದು ಜೀವಕೋಶವೂ (ಇಂದಿನ ಮಾತಿನಲ್ಲಿ ಬಿ ಕೋಶ) ತನ್ನದೇ ಒಂದು ಬಗೆಯ ಗ್ರಾಹಕವನ್ನು ಮೊದಲೇ ಹೊತ್ತಿರುತ್ತದೆ. ಪ್ರತಿಜನಕ ಮಾಡುವುದು ಆಯ್ಕೆ ಮಾತ್ರ. ಆಯ್ಕೆಯಾದ ಕೋಶ ಬಹುಪಾಲು ಸಂದರ್ಭಗಳಲ್ಲಿ ಟಿ ಕೋಶಗಳ ನೆರವಿನಿಂದ ಸಾವಿರಾರು ಪಟ್ಟು ಬೆಳೆದು ಪ್ರತಿಕಾಯಗಳನ್ನು ಸುರಿಸುತ್ತದೆ. ಒಂದು ಕೋಶ ಒಂದೇ ಬಗೆಯ ಪ್ರತಿಕಾಯವನ್ನು ತಯಾರಿಸುತ್ತದೆ ಎಂಬುದಕ್ಕೆ ಮರುವರ್ಷವೇ ನೊಸಾಲ್ ಮತ್ತು ಲೆಡರ್‌ಬರ್ಗ್ ಪುರಾವೆ ಒದಗಿಸಿದರು. ಇಷ್ಟೊಂದು ವೈವಿಧ್ಯ ಬರುವುದೆಲ್ಲಿಂದ ಎಂಬುದಕ್ಕೆ 1976ರಲ್ಲಿ ಸುಸುಮು ತೊನೆಗಾವಾ ಅವರಿಂದ ಉತ್ತರ ಸಿಕ್ಕಿತು: ಜೀನಿನ ತುಣುಕುಗಳು ಪ್ರತಿ ಕೋಶದಲ್ಲೂ ಬೇರೆ ಬೇರೆಯಾಗಿ ಜೋಡಣೆಗೊಳ್ಳುತ್ತವೆ. ನಮ್ಮ ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಜೀವಕೋಶ ಮಣ್ಣಿನಂತೆ ಉಪಾದಾನ ಕಾರಣ, ರೋಗಾಣು ಕುಂಬಾರನಂತೆ ನಿಮಿತ್ತ ಕಾರಣ. ಪಾಲಿಂಗ್ ನಿಮಿತ್ತಕ್ಕೆ ಉಪಾದಾನದ ಕೆಲಸವನ್ನೂ ಹೊರಿಸಿದ್ದರು.

ಹಾಗಾದರೆ ಗೆದ್ದದ್ದು ಸಾಂಖ್ಯರ ಸತ್ಕಾರ್ಯವಾದವೇ ಅಲ್ಲವೇ? ಅಲ್ಲ. ಆಯ್ಕೆಯಾದ ಕೋಶ ಇದ್ದ ಹಾಗೆಯೇ ಉಳಿಯುವುದಿಲ್ಲ. ದುಗ್ಧಗ್ರಂಥಿಯೊಳಗೆ ಅದರ ಪ್ರತಿಕಾಯ ಜೀನುಗಳು ಸಾಮಾನ್ಯಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ವೇಗದಲ್ಲಿ ಬದಲಾಗುತ್ತವೆ. ಪ್ರತಿಜನಕವನ್ನು ಹೆಚ್ಚು ಬಿಗಿಯಾಗಿ ಹಿಡಿಯುವ ಕೋಶಗಳು ಉಳಿಯುತ್ತವೆ, ಉಳಿದವು ಬಹುಪಾಲು ಸಾಯುತ್ತವೆ. ಕೊನೆಗೆ ರಕ್ತದಲ್ಲಿ ಓಡಾಡುವ ಪಕ್ವ ಪ್ರತಿಕಾಯ ಸೋಂಕಿಗೆ ಮೊದಲು ಯಾವ ಕೋಶದಲ್ಲೂ ಆ ರೂಪದಲ್ಲಿ ಇರಲಿಲ್ಲ. ರೋಗದ ಬಗ್ಗೆ ದೇಹಕ್ಕಿರುವ ನೆನಪೂ ಹಾಗೆಯೇ. ಫ್ಯಾರೋ ದ್ವೀಪಗಳಲ್ಲಿ 1846ರಲ್ಲಿ ದಡಾರ ಹಬ್ಬಿದಾಗ, 1781ರ ಪಿಡುಗಿನಲ್ಲಿ ಅದನ್ನು ಅನುಭವಿಸಿ ಬದುಕಿದ್ದ ವೃದ್ಧರಿಗೆ ಅದು ಮತ್ತೆ ತಗಲಲಿಲ್ಲ ಎಂದು ಪೀಟರ್ ಪಾನುಮ್ ದಾಖಲಿಸಿದರು. 65 ವರ್ಷ ಬಾಳಿದ ಆ ಸ್ಮೃತಿ ಹುಟ್ಟಿನಿಂದ ಬಂದದ್ದಲ್ಲ, ಅನುಭವದಿಂದ ಬಂದದ್ದು. ಸಾಮರ್ಥ್ಯ ಮೊದಲೇ ಇತ್ತು, ಫಲ ಇರಲಿಲ್ಲ.

ಮಧ್ವಾಚಾರ್ಯರ ಮಾತಿಗೆ ಪ್ರಯೋಗಾಲಯದ ಮುದ್ರೆ ಒತ್ತುವುದು ಸರಿಯೇ ಎಂಬ ಆಕ್ಷೇಪ ನ್ಯಾಯವಾದದ್ದು. 13ನೇ ಶತಮಾನದಲ್ಲಿ ಪ್ರತಿಕಾಯಗಳ ಅರಿವಿತ್ತೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಶಾಸ್ತ್ರಕ್ಕೂ ವಿಜ್ಞಾನಕ್ಕೂ ಅನ್ಯಾಯ. ಕಾರಣ-ಕಾರ್ಯಗಳ ಬಗ್ಗೆ ಅವರು ಮಾಡಿದ ವಿಂಗಡಣೆ ಇಂದಿನ ಪುರಾವೆಯ ಎದುರೂ ಉಪಯೋಗಕ್ಕೆ ಬರುತ್ತದೆ, ಅಷ್ಟೇ. ಜೀನಿನ ತುಣುಕುಗಳು ಯಾದೃಚ್ಛಿಕವಾಗಿ ಕೂಡುವಲ್ಲಿ ಈಶ್ವರನಿಗೆ ಎಡೆಯೆಲ್ಲಿ ಎಂಬುದು ಇನ್ನೊಂದು ಆಕ್ಷೇಪ. ಜಗತ್ತೆಲ್ಲ ಪರತಂತ್ರ ಎನ್ನುವ ಮಾಧ್ವರಿಗೆ ಆ ತುಣುಕುಗಳ ಶಕ್ತಿಯೂ ಅವನ ಅಧೀನ. ಪ್ರಯೋಗ ಈ ನಂಬಿಕೆಯನ್ನು ಸಾಧಿಸುವುದೂ ಇಲ್ಲ, ಅಳಿಸುವುದೂ ಇಲ್ಲ.

ಮೂರನೆಯ ಆಕ್ಷೇಪ ಬದುಕಿಗೆ ಹತ್ತಿರದ್ದು: ಶಕ್ತಿ ಹುಟ್ಟಿನಿಂದಲೇ ಇದ್ದರೆ ಲಸಿಕೆ ಏಕೆ? ಶಕ್ತಿ ಫಲವಾಗಲು ನಿಮಿತ್ತ ಬೇಕು, ಸಮಯವೂ ಬೇಕು. ಮೊದಲ ಸಲ ಪ್ರತಿಕಾಯ ತಕ್ಕಷ್ಟು ಏರಲು ಒಂದೆರಡು ವಾರ ಹಿಡಿಯುತ್ತದೆ. ಪ್ಲೇಗಿನಂಥ ರೋಗ ಅಷ್ಟು ದಿನ ಕಾಯುವುದಿಲ್ಲ. 1896ರಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಪ್ಲೇಗು ಕಾಣಿಸಿಕೊಂಡ ಮೇಲೆ ವಾಲ್ಡೆಮಾರ್ ಹಾಫ್‌ಕಿನ್ ಶಾಖದಿಂದ ಕೊಂದ ರೋಗಾಣುಗಳ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಸಿಕೊಂಡರು. ಸಾವಿನ ಭಯವನ್ನು ಕಳೆದು ನಿಮಿತ್ತವನ್ನಷ್ಟೇ ಒದಗಿಸುವ ಜಾಣ್ಮೆ ಅದು. ಇಂದು ಮಗುವಿಗೆ 6, 10, 14ನೇ ವಾರಗಳಲ್ಲಿ ಮತ್ತೆ ಮತ್ತೆ ಲಸಿಕೆ ಕೊಡುವುದೂ ಒಳಗಿನ ಶಕ್ತಿಯನ್ನು ಪಕ್ವಗೊಳಿಸಲಿಕ್ಕೇ. ಆದ್ದರಿಂದ ಒಳಗಿನ ಶಕ್ತಿಯನ್ನು ನಂಬುವವನು ಲಸಿಕೆಯನ್ನು ಬಿಡಬೇಕಿಲ್ಲ. ನಂಬಿಕೆ ನಿಜವಾಗಿದ್ದರೆ ಮುಂಬಯಿಯ ವಾಕೋಲಾದ ಚಾಳಿನ ಮಗುವಿಗೂ ಅದು ಸಮಯಕ್ಕೆ ಸಿಗಬೇಕೆಂದು ಹಟ ಹಿಡಿಯಬೇಕು. ಶಕ್ತಿ ಎಲ್ಲರಿಗೂ ದೇವರು ಕೊಟ್ಟದ್ದಾದರೆ, ನಿಮಿತ್ತವನ್ನು ಒದಗಿಸುವ ಹೊಣೆ ನಮ್ಮದು.