ಎಂಜಲು ಮತ್ತು ಉಸಿರು

ಮೊನ್ನೆ ಒಂದು ಅಧ್ಯಯನ ಶಿಬಿರದಲ್ಲಿ ಮಾತಿನ ನಡುವೆ ಅಮೆರಿಕದ ಕಪ್ಪು ಜನ ಕಟ್ಟಿಕೊಂಡ ಒಂದು ಕ್ಲಬ್ಬಿನ ವಿಷಯ ಬಂತು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಕ್ಕೆ ಇಳಿಯುವವರ ಕ್ಲಬ್ಬು ಅದು. ಸ್ಕೂಬಾ ಅಂತಾರೆ. ಹೇಳಿ ಮುಗಿಸುವ ಮೊದಲೇ ಒಬ್ಬ ಗೆಳೆಯ ನಕ್ಕ. "ಉಣ್ಣಕ್ಕಿಲ್ಲದೋರ ಹೋರಾಟದಾಗೆ ಈ ಮುಳುಗೋ ಶೋಕಿ ಯಾತಕ್ರಪ್ಪಾ? ಕ್ಲಬ್ಬು ಅಂದ್ರೆ ಇಸ್ಪೀಟು, ಗುಂಡು, ಅಷ್ಟೇ ತಾನೆ?" ಅಂದ. ಎಲ್ಲರೂ ನಕ್ಕರು. ನಾವೂ ನಕ್ಕೆವು.

ರಾತ್ರಿ ಮಲಗಿದಾಗ ಆ ನಗು ಕುಟುಕತೊಡಗಿತು. ಗೆಳೆಯನ ಪ್ರಶ್ನೆ ಸುಳ್ಳಲ್ಲ. ಹಸಿದವನ ಮುಂದೆ ವಿಹಾರದ ಮಾತಾಡುವುದು ಅನ್ಯಾಯವೇ ಸರಿ. ಆದರೆ ಯಾವುದು ವಿಹಾರ, ಯಾವುದು ಅಗತ್ಯ ಅಂತ ತೀರ್ಮಾನ ಮಾಡುವವರು ಯಾರು? ನೀರಿಗೇ ಇಳಿಯಬೇಡ ಅಂತ ತಲೆಮಾರುಗಟ್ಟಲೆ ಓಡಿಸಿಕೊಂಡ ಜನ ಒಂದು ದಿನ ನೀರಿಗಿಳಿದು, ಕೂಡಿ ಉಂಡು, ಕೂಡಿ ನಕ್ಕರೆ ಅದನ್ನು ಶೋಕಿ ಅನ್ನಬೇಕೆ? ಈ ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ಮೊದಲು ನೀರಿನ ಕಥೆ ಕೇಳಿ. 1919ರ ಜುಲೈ 27. ಚಿಕಾಗೋ ನಗರದಲ್ಲಿ ಮಿಶಿಗನ್ ಸರೋವರದ ದಂಡೆ. ಬಿಳಿಯರು ಈಜುವ ಜಾಗ ಒಂದು, ಕಪ್ಪು ಜನ ಈಜುವ ಜಾಗ ಇನ್ನೊಂದು. ನೀರಿನ ಮೇಲೆ ಗೆರೆ ಎಳೆಯುವುದು ಯಾವ ದೇವರಿಗೂ ಬರುವುದಿಲ್ಲ. ಆದರೂ ಅಲ್ಲಿ ಗೆರೆ ಇತ್ತು. ಯೂಜೀನ್ ವಿಲಿಯಮ್ಸ್ ಅನ್ನುವ 17 ವರ್ಷದ ಕಪ್ಪು ಹುಡುಗ ತೆಪ್ಪದ ಜೊತೆ ತೇಲುತ್ತಾ ಆ ಕಾಣದ ಗೆರೆ ದಾಟಿದ. ದಂಡೆಯಿಂದ ಕಲ್ಲು ಬಂತು. ಹುಡುಗ ಮುಳುಗಿ ಸತ್ತ. ಕಲ್ಲು ಹೊಡೆದವನನ್ನು ಅಲ್ಲೇ ಇದ್ದ ಪೊಲೀಸಿನವನು ಹಿಡಿಯಲಿಲ್ಲ. ಆಮೇಲೆ ಎದ್ದ ಗಲಭೆಯಲ್ಲಿ 38 ಜನ ಸತ್ತರು. ಅವರಲ್ಲಿ 23 ಮಂದಿ ಕಪ್ಪು ಜನ.

1964ರ ಜೂನ್ 18. ಫ್ಲಾರಿಡಾದ ಸೇಂಟ್ ಆಗಸ್ಟೀನ್ ಊರು. ಬಿಳಿಯರಿಗೆ ಮಾತ್ರ ಅಂತಿದ್ದ ಒಂದು ವಸತಿಗೃಹದ ಈಜುಕೊಳಕ್ಕೆ ಕಪ್ಪು ಮತ್ತು ಬಿಳಿಯ ಹೋರಾಟಗಾರರು ಒಟ್ಟಿಗೆ ಧುಮುಕಿದರು. ಅದರ ಯಜಮಾನ ಬಂದು ನೀರಿಗೆ ಆಸಿಡ್ ಸುರಿದ. ಆ ಫೋಟೋ ಜಗತ್ತೆಲ್ಲ ಸುತ್ತಿತು. ನಮಗೆ ಆ ಫೋಟೋ ಹೊಸದು ಅನ್ನಿಸುವುದಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರು ಮುಟ್ಟಿದ ಮೇಲೆ ಮಡಿವಂತರು ಪಂಚಗವ್ಯದ ಕೊಡಗಳನ್ನು ತಂದು ಕೆರೆಗೆ ಸುರಿದು ಶುದ್ಧ ಮಾಡಿದರಲ್ಲ, ಅದೇ ಕೈ ಇದು. ಅಲ್ಲಿ ಆಸಿಡ್, ಇಲ್ಲಿ ಸಗಣಿ ಗಂಜಲ.

ಇನ್ನೂ ಒಂದು ಇದೆ. ಮಿಸಿಸಿಪಿಯ ಜಾಕ್ಸನ್ ನಗರದವರು, ಎಲ್ಲರನ್ನೂ ಈಜುಕೊಳಕ್ಕೆ ಬಿಡಬೇಕು ಎಂದಾದಾಗ, ಈಜುಕೊಳ ನಡೆಸುವುದನ್ನೇ ನಿಲ್ಲಿಸಿದರು. 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಿಂದ, ಹಾಗೆ ಮುಚ್ಚುವುದು ತಪ್ಪಲ್ಲ ಅಂದಿತು. ನಿನಗೂ ಕೊಡಬೇಕಾದರೆ ನನಗೂ ಬೇಡ, ಮಣ್ಣಾಗಲಿ! ದ್ವೇಷ ಎಷ್ಟು ಖರ್ಚಾದರೂ ಹಿಂಜರಿಯುವುದಿಲ್ಲ ನೋಡಿ.

ಇದರ ಫಲ ಏನಾಯಿತು? ಈಜಲು ಬಿಡದಿದ್ದ ಅಜ್ಜಿ ಮಗಳಿಗೆ ಈಜು ಕಲಿಸಲಿಲ್ಲ. ಆ ಮಗಳು ತನ್ನ ಮಗನನ್ನು ನೀರಿನ ಹತ್ತಿರ ಬಿಡಲಿಲ್ಲ. 1999ರಿಂದ 2010ರವರೆಗಿನ ಸಾವುಗಳನ್ನು ಲೆಕ್ಕ ಹಾಕಿದ ಅಲ್ಲಿಯ ಸರ್ಕಾರಿ ಆರೋಗ್ಯ ಸಂಸ್ಥೆ, 5ರಿಂದ 19 ವಯಸ್ಸಿನ ಕಪ್ಪು ಮಕ್ಕಳು ಬಿಳಿ ಮಕ್ಕಳಿಗಿಂತ ಐದೂವರೆ ಪಟ್ಟು ಹೆಚ್ಚಾಗಿ ಈಜುಕೊಳದಲ್ಲಿ ಮುಳುಗಿ ಸಾಯುತ್ತಾರೆ ಅಂತ ಹೇಳಿತು. ಮಾಡುವುದನ್ನೆಲ್ಲ ಮಾಡಿ ಆಮೇಲೆ "ಅವರ ಮೂಳೆ ಭಾರ, ಅವರು ತೇಲೋದಿಲ್ಲ" ಅಂತ ಶಾಸ್ತ್ರ ಹೇಳಿದರು. ಈ ಶಾಸ್ತ್ರಿಗಳಿಗೆ ಮರೆತದ್ದೇನೆಂದರೆ, ಪಶ್ಚಿಮ ಆಫ್ರಿಕದ ಕರಾವಳಿಯ ಜನ ಹೆಸರಾಂತ ಈಜುಗಾರರಾಗಿದ್ದರು. ಅವರನ್ನೇ ಹಿಡಿದು ತಂದು ಸ್ಪೇನಿನವರು ಕೆರಿಬಿಯನ್ ಸಮುದ್ರದಲ್ಲಿ ಮುತ್ತು ತೆಗೆಸಿದರು, ಮುಳುಗಿದ ಹಡಗುಗಳ ಬೆಳ್ಳಿ ಎತ್ತಿಸಿದರು. ನಾಲ್ಕು ಕಾಸು ಸಿಗುವಾಗ ಮೂಳೆ ಹಗುರವಾಗಿತ್ತೋ ಏನೋ!

ನಮ್ಮ ಹಳ್ಳಿಯ ಮೇಷ್ಟ್ರುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಣಗಿದ ಸೋರೆಬುರುಡೆಯನ್ನು ಸೊಂಟಕ್ಕೆ ಕಟ್ಟಿ ಮಕ್ಕಳನ್ನು ಬಾವಿಗೆ ಬಿಟ್ಟು ಈಜು ಕಲಿಸುತ್ತಾರೆ. ಯಾರ ಬಾವಿಗೆ? ಯಾರ ಮಕ್ಕಳನ್ನು? ಮೆಟ್ಟಲ ಮೇಲೆ ನಿಂತು ನೋಡುವುದಕ್ಕೂ ಬಿಡದ ಮಗು ಈಜು ಎಲ್ಲಿ ಕಲಿಯಬೇಕು?

ಈಗ ಕ್ಲಬ್ಬಿಗೆ ಬರೋಣ. ನೀರೊಳಗೆ ಉಸಿರಾಡುವ ಇವತ್ತಿನ ಈ ಯಂತ್ರವನ್ನು ಫ್ರಾನ್ಸಿನ ಕೂಸ್ಟೋ ಮತ್ತು ಗಾನ್ಯಾನ್ ರೂಪಿಸಿದ್ದು 1943ರಲ್ಲಿ. ಹದಿನಾರು ವರ್ಷಗಳ ನಂತರ, 1959ರಲ್ಲಿ, ಸೈನ್ಯದಲ್ಲಿದ್ದು ಬಂದ ಆಲ್ಬರ್ಟ್ ಹೋಸೆ ಜೋನ್ಸ್ ವಾಷಿಂಗ್ಟನ್ನಿನಲ್ಲಿ 'ಅಂಡರ್‌ವಾಟರ್ ಅಡ್ವೆಂಚರ್ ಸೀಕರ್ಸ್' ಅನ್ನುವ ಕ್ಲಬ್ಬು ಕಟ್ಟಿದರು. ಮುಂದೆ ಸಮುದ್ರವಿಜ್ಞಾನದ ಪ್ರಾಧ್ಯಾಪಕರಾದವರು ಅವರು. ಆ ದೇಶದ ಕಪ್ಪು ಜನರ ಸ್ಕೂಬಾ ಕ್ಲಬ್ಬುಗಳಲ್ಲಿ ಅದೇ ಹಳೆಯದು. 1959 ಅನ್ನುವುದನ್ನು ಗಮನಿಸಿ. ನಾಗರಿಕ ಹಕ್ಕುಗಳ ಕಾಯ್ದೆ ಬರಲು ಇನ್ನೂ ಐದು ವರ್ಷ ಬಾಕಿ ಇತ್ತು.

ಇಂಥ ಕ್ಲಬ್ಬು ನಡೆಸುವುದು ಅಂದರೆ ಏನು? ವಾರಕ್ಕೊಮ್ಮೆ ಎಲ್ಲಾದರೂ ಈಜುಕೊಳ ಗೊತ್ತುಮಾಡಬೇಕು. ಹೊಸಬರಿಗೆ ಕಲಿಸಬೇಕು. ಚಂದಾ ಎತ್ತಬೇಕು, ಲೆಕ್ಕ ಇಡಬೇಕು. ಸಿಲಿಂಡರ್ ಹೊರಬೇಕು. ಹದಿನೈದು ಕಿಲೋ ತೂಗುವ ಉಕ್ಕಿನ ಕೊಳವೆ ಅದು, ಯಾರೂ ಆಸೆಪಟ್ಟು ಹೊರುವುದಿಲ್ಲ. ಅದಕ್ಕೆ ಕಂಪ್ರೆಸರಿನಲ್ಲಿ ಗಾಳಿ ತುಂಬಬೇಕು. ತುಂಬುವವನು ಮೈಮರೆತು, ಯಂತ್ರ ಗಾಳಿ ಎಳೆಯುವ ಬಾಯಿಯನ್ನು ಇಂಜಿನ್ನಿನ ಹೊಗೆಯ ಹತ್ತಿರ ಇಟ್ಟನೋ, ಆ ಹೊಗೆಯ ವಿಷ ಸಿಲಿಂಡರಿಗೆ ಹೋಗಿ ಕೆಳಗಿಳಿದವನು ಅಲ್ಲೇ ಸಾಯುತ್ತಾನೆ. ವಾಸನೆ ಇಲ್ಲ, ಬಣ್ಣ ಇಲ್ಲ. ಅಂದರೆ ಇಳಿಯುವ ಶೂರನ ಜೀವ ದಡದಲ್ಲಿ ಗಾಳಿ ತುಂಬುವವನ ಕೈಯಲ್ಲಿದೆ. ಹೆಸರು ಬರುವುದು ಮಾತ್ರ ಇಳಿದವನಿಗೆ. ಇದೂ ನಮಗೆ ಗೊತ್ತಿರುವ ಕಥೆಯೇ.

ಒಬ್ಬನೇ ಇಳಿಯಬಾರದು ಅನ್ನುವುದು ಮೊದಲ ಕಟ್ಟಳೆ. ಜೊತೆಗಾರ ಬೇಕು. ಅವನಿಗೆ ಇಂಗ್ಲಿಷಿನಲ್ಲಿ 'ಬಡ್ಡಿ' ಅನ್ನುತ್ತಾರೆ. ನಮ್ಮ ಕಡೆ ಬಡ್ಡಿ ಅಂದರೆ ಸಾಹುಕಾರನ ಮುಖ ನೆನಪಾಗುತ್ತದೆ, ಏನು ಮಾಡೋಣ. ಇಳಿಯುವ ಮೊದಲು ಇವನ ಪಟ್ಟಿ ಬಿಗಿಯಾಗಿದೆಯೆ ಅಂತ ಅವನು ನೋಡಬೇಕು, ಅವನ ಗಾಳಿ ತೆರೆದಿದೆಯೆ ಅಂತ ಇವನು ನೋಡಬೇಕು. ಹತ್ತು ಮೀಟರ್ ಇಳಿದರೆ ಮೇಲಿನ ಎರಡರಷ್ಟು ಗಾಳಿ ಖರ್ಚಾಗುತ್ತದೆ, ಇಪ್ಪತ್ತು ಮೀಟರಿನಲ್ಲಿ ಮೂರರಷ್ಟು. ಯಾರ ಗಾಳಿ ಮೊದಲು ಕಡಿಮೆಯಾಗುತ್ತದೋ ಅವರಿಗಾಗಿ ಇಬ್ಬರೂ ಮೇಲೆ ಬರಬೇಕು. ನನ್ನ ಸಿಲಿಂಡರಿನಲ್ಲಿ ಇನ್ನೂ ಇದೆ, ನೀನು ಹೋಗು ಅನ್ನುವಂತಿಲ್ಲ. ಮತ್ತೊಂದು ವಾಡಿಕೆ ನಮಗೆ ಬಹಳ ಹಿಡಿಸಿತು: ಯಾರಿಗಾದರೂ, ಯಾವ ಗಳಿಗೆಯಲ್ಲಾದರೂ ಮನಸ್ಸು ಹಿಂಜರಿದರೆ ಇಳಿಯುವುದನ್ನು ಅಲ್ಲಿಗೇ ನಿಲ್ಲಿಸಬಹುದು. ಯಾಕೆ ಅಂತ ಕೇಳಬಾರದು, ಹೇಡಿ ಅನ್ನಬಾರದು. ಭಯವನ್ನು ಬಾಯಿಬಿಟ್ಟು ಹೇಳುವ ಹಕ್ಕನ್ನು ನಮ್ಮ ಯಾವ ಸಂಘಟನೆ ತನ್ನ ಕಾರ್ಯಕರ್ತನಿಗೆ ಕೊಟ್ಟಿದೆ?

ಈ ಲೇಖನದ ತಲೆಬರಹದಲ್ಲಿರುವ ಎಂಜಲಿನ ಮಾತಿಗೆ ಈಗ ಬಂದೆವು. ಹಳೆಯ ಕಾಲದ ಕ್ಲಬ್ಬುಗಳಲ್ಲಿ ಪ್ರತಿಯೊಬ್ಬರೂ ಕಲಿಯಲೇಬೇಕಾಗಿದ್ದ ಒಂದು ಪಾಠವಿತ್ತು. ಜೊತೆಗಾರನ ಗಾಳಿ ಮುಗಿದುಹೋಯಿತು ಅಂತಿಟ್ಟುಕೊಳ್ಳಿ. ಅವನು ಕೈಯಿಂದ ಕುತ್ತಿಗೆ ಕೊಯ್ಯುವಂತೆ ಸನ್ನೆ ಮಾಡುತ್ತಾನೆ. ಆಗ ನೀವು ನಿಮ್ಮ ಬಾಯಿಯಲ್ಲಿ ಕಚ್ಚಿಕೊಂಡಿರುವ ರಬ್ಬರಿನ ತುಂಡನ್ನು ತೆಗೆದು ಅವನ ಬಾಯಿಗೆ ಕೊಡಬೇಕು. ಅವನು ಎರಡು ಉಸಿರು ಎಳೆದು ವಾಪಸು ಕೊಡಬೇಕು. ನೀವು ಎರಡು ಉಸಿರು ಎಳೆದು ಮತ್ತೆ ಅವನಿಗೆ. ಹೀಗೆ ಒಂದೇ ತುಂಡು ಎರಡು ಬಾಯಿಗಳ ನಡುವೆ ಓಡಾಡುತ್ತಾ ಇಬ್ಬರೂ ಒಬ್ಬರ ತೋಳನ್ನೊಬ್ಬರು ಹಿಡಿದು ಮೇಲೆ ಬರಬೇಕು. ತುಂಡು ತನ್ನ ಬಾಯಲ್ಲಿ ಇಲ್ಲದಾಗ ಉಸಿರು ಬಿಗಿಹಿಡಿಯುವಂತಿಲ್ಲ, ಸಣ್ಣಗೆ ಗುಳ್ಳೆ ಬಿಡುತ್ತಿರಬೇಕು. ಮೇಲೇರುವಾಗ ಒಳಗೆ ಹಿಡಿದಿಟ್ಟ ಗಾಳಿ ಹಿಗ್ಗಿ ಶ್ವಾಸಕೋಶವನ್ನೇ ಹರಿಯುತ್ತದೆ.

ಎಂಜಲಲ್ಲವೆ ಇದು? ಶುದ್ಧ ಎಂಜಲು. ಎತ್ತಿಕೊಂಡು ಕುಡಿ, ಬೊಗಸೆಯೊಡ್ಡಿ ಕುಡಿ, ಲೋಟ ಬೇರೆ ಇಡು ಅಂತ ಬಾಳಿದ ನಾಡಿನಲ್ಲಿ ಕೂತು ಇದನ್ನು ಓದಿದಾಗ ನಮಗೆ ಮೈ ಜುಮ್ಮೆಂದಿತು. ಒಂದೇ ನಲ್ಲಿಯ ನೀರು ಕುಡಿಯಬಾರದು ಅಂತ ಅಮೆರಿಕದ ದಕ್ಷಿಣದಲ್ಲಿ ಬೋರ್ಡು ತೂಗಿದ್ದ ಕಾಲದಲ್ಲಿಯೇ ಈ ಪಾಠವೂ ನಡೆಯುತ್ತಿತ್ತು. ಇವತ್ತು ಪ್ರತಿಯೊಬ್ಬರ ಹತ್ತಿರವೂ ಎರಡನೆಯ ತುಂಡೊಂದು, ಸಾಮಾನ್ಯವಾಗಿ ಹಳದಿ ಬಣ್ಣದ್ದು, ತೂಗಾಡುತ್ತಿರುತ್ತದೆ. ಆ ಹಳೆಯ ಪಾಠವನ್ನು ಹೆಚ್ಚಿನ ಕಡೆ ಬಿಟ್ಟಿದ್ದಾರೆ. ಆದರೆ ನೀರೊಳಗಿನ ಗವಿಗಳಿಗೆ ಇಳಿಯುವವರು ಇವತ್ತಿಗೂ ತಮ್ಮ ಬಾಯಲ್ಲಿರುವುದನ್ನೇ ಕಿತ್ತು ಕೊಟ್ಟು, ತಾವು ಎರಡನೆಯದನ್ನು ಕಚ್ಚಿಕೊಳ್ಳುತ್ತಾರೆ. ತಾನು ಉಸಿರಾಡುತ್ತಿರುವುದು ಸರಿಯಾಗಿ ಕೆಲಸ ಮಾಡುತ್ತಿದೆ ಅನ್ನುವುದು ಖಾತ್ರಿ. ಆದ್ದರಿಂದ ಸಾಯುತ್ತಿರುವವನಿಗೆ ಅದೇ ಸಲ್ಲಬೇಕು.

ಇದನ್ನು ಕೇಳಿ ಕೆಲವರು "ನೋಡಿ, ನೀರಿನ ಕೆಳಗೆ ಜಾತಿ ಇಲ್ಲ, ಬಣ್ಣ ಇಲ್ಲ, ಎಲ್ಲರೂ ಸಮಾನರು" ಅಂತ ಭಾವುಕರಾಗುತ್ತಾರೆ. ನಾವು ಹಾಗೆ ನಂಬುವುದಿಲ್ಲ. ಇಪ್ಪತ್ತು ಮೀಟರ್ ಕೆಳಗೆ ಮನುಷ್ಯ ದಿಢೀರನೆ ಒಳ್ಳೆಯವನಾಗಿಬಿಡುವುದಿಲ್ಲ. ಬಾಯಲ್ಲಿರುವುದನ್ನು ತೆಗೆದು ಕೊಡುವ ಕೈ ಅಲ್ಲಿ ಹುಟ್ಟುವುದಿಲ್ಲ, ದಡದಲ್ಲೇ ಪಳಗಿರಬೇಕು. ಎಲ್ಲಿ ಪಳಗಬೇಕು? ಒಂದೇ ವ್ಯಾನಿನಲ್ಲಿ ಒತ್ತಿಕೊಂಡು ಕೂತು ಹೋಗುವಾಗ. ಒದ್ದೆ ಬಟ್ಟೆಯಲ್ಲಿ ನಡುಗುತ್ತಾ ಒಂದೇ ಫ್ಲಾಸ್ಕಿನ ಚಹಾ ಹಂಚಿಕೊಳ್ಳುವಾಗ. ವರ್ಷದ ಊಟದಲ್ಲಿ, ಮಕ್ಕಳ ಹುಟ್ಟುಹಬ್ಬದಲ್ಲಿ, ಸತ್ತವರ ಮನೆಯಲ್ಲಿ. ಕ್ಲಬ್ಬಿನ 'ಸಾಮಾಜಿಕ ಚಟುವಟಿಕೆ' ಅಂತ ವರದಿಯ ಕೊನೇ ಪುಟದಲ್ಲಿ ನಾಲ್ಕು ಸಾಲು ಬರೆಯುತ್ತಾರಲ್ಲ, ಗೆಳೆಯ ನಕ್ಕದ್ದು ಅದಕ್ಕೇ. ನಮಗಂತೂ ಆ ಕೊನೇ ಪುಟವೇ ಕ್ಲಬ್ಬಿನ ಸುರಕ್ಷತಾ ನಿಯಮ ಅನ್ನಿಸುತ್ತದೆ. ದಡದಲ್ಲಿ ನನ್ನ ಜೊತೆ ಉಣ್ಣದವನ ಕೈಗೆ ಕೆಳಗೆ ನನ್ನ ಉಸಿರು ಕೊಡುವುದು ಹೇಗೆ?

ಹಾಗಾದರೆ ಕಪ್ಪು ಜನ ತಮ್ಮದೇ ಬೇರೆ ಕ್ಲಬ್ಬು ಕಟ್ಟಿಕೊಂಡದ್ದು ಸರಿಯೆ? ಅದೂ ಪ್ರತ್ಯೇಕತೆಯೇ ಆಗಲಿಲ್ಲವೆ? ಇದು ಸುಲಭದ ಪ್ರಶ್ನೆಯಲ್ಲ. ಬಾಗಿಲು ಹಾಕಿಕೊಂಡವನನ್ನೂ ಹೊರಗೆ ನಿಂತು ಬೇರೆ ಮನೆ ಕಟ್ಟಿಕೊಂಡವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಮೋಸ. ಅಜ್ಜಿಯ ಕಾಲದಿಂದ ಬಂದ ನೀರಿನ ಭಯವನ್ನು ಬಿಡಿಸಲು ಅದೇ ಭಯ ದಾಟಿಬಂದವರ ಕೈ ಬೇಕಾಗುತ್ತದೆ. ನಗುವವರ ಮುಂದೆ ಯಾರೂ ಈಜು ಕಲಿಯಲಾರರು. ಆದರೆ ಕಟ್ಟಿಕೊಂಡ ಮನೆಗೂ ಒಳಗಡೆ ಮೆಟ್ಟಿಲುಗಳಿರುತ್ತವೆ. ಸಿಲಿಂಡರ್, ರೆಗ್ಯುಲೇಟರ್ ಎಲ್ಲವೂ ದುಬಾರಿ. ಸ್ವಂತಕ್ಕೆ ಕೊಳ್ಳಬಲ್ಲ ವಕೀಲ, ಡಾಕ್ಟರುಗಳೇ ತುಂಬಿಕೊಂಡರೆ ಬಸ್ ಡ್ರೈವರಿನ ಮಗಳು ಎಲ್ಲಿ ಹೋಗಬೇಕು? ಸಾಮಾನುಗಳು ಕ್ಲಬ್ಬಿನ ಸಾಮೂಹಿಕ ಆಸ್ತಿಯಾಗಿ, ಎಲ್ಲರೂ ಸರದಿಯಲ್ಲಿ ಹೊತ್ತು, ಸರದಿಯಲ್ಲಿ ಇಳಿಯುವಂತಾದರೆ ಮಾತ್ರ ಅದು ನಮ್ಮ ಕ್ಲಬ್ಬು. ಇಲ್ಲದಿದ್ದರೆ ಗೆಳೆಯ ಹೇಳಿದ ಇಸ್ಪೀಟಿನ ಕ್ಲಬ್ಬೇ.

1991ರಲ್ಲಿ ಜೋನ್ಸ್ ಅವರು ರಿಕ್ ಪೊವೆಲ್ ಜೊತೆ ಸೇರಿ ಇಂಥ ಕ್ಲಬ್ಬುಗಳನ್ನೆಲ್ಲ ಕೂಡಿಸಿ ಕಪ್ಪು ಸ್ಕೂಬಾ ಈಜುಗಾರರ ರಾಷ್ಟ್ರೀಯ ಸಂಘ ಕಟ್ಟಿದರು. ಎರಡೇ ವರ್ಷದಲ್ಲಿ ಅವರು ಮಾಡಿದ ಕೆಲಸ ಕೇಳಿ. 'ಹೆನ್ರಿಯೆಟಾ ಮೇರಿ' ಅಂತ ಲಂಡನ್ನಿನ ಒಂದು ಹಡಗು. ಆಫ್ರಿಕದಿಂದ ಮನುಷ್ಯರನ್ನು ತುಂಬಿಕೊಂಡು ಹೋಗಿ, 1700ರಲ್ಲಿ ಜಮೈಕಾದಲ್ಲಿ ಸುಮಾರು 190 ಜನರನ್ನು ಮಾರಿ, ವಾಪಸು ಹೋಗುವಾಗ ಫ್ಲಾರಿಡಾದ ಹತ್ತಿರ ಮುಳುಗಿತು. 1972ರಲ್ಲಿ ಬೇರೊಂದು ಹಡಗಿನ ನಿಧಿ ಹುಡುಕುತ್ತಿದ್ದವರಿಗೆ ಇದು ಸಿಕ್ಕಿತು. ಅವರಿಗೆ ಬೇಕಾದ ಚಿನ್ನ ಇರಲಿಲ್ಲ. ಇದ್ದದ್ದು ಕಬ್ಬಿಣದ ಬೇಡಿಗಳು, ಎಂಬತ್ತಕ್ಕೂ ಹೆಚ್ಚು ಜೊತೆ. ಮಕ್ಕಳ ಮಣಿಕಟ್ಟಿಗೆ ಹೊಂದುವಷ್ಟು ಸಣ್ಣವೂ ಇದ್ದವು. 1993ರಲ್ಲಿ ಈ ಸಂಘದವರು ಅಲ್ಲಿಗೆ ಹೋಗಿ, ಸುಮಾರು ಮೂವತ್ತು ಅಡಿ ನೀರಿನ ಕೆಳಗೆ ಕಾಂಕ್ರೀಟಿನ ಕಟ್ಟೆ ಇಳಿಸಿ, ಅದರ ಮೇಲೆ ಕಂಚಿನ ಫಲಕ ಕೂರಿಸಿದರು. ಅದರ ಮುಖ ಆಫ್ರಿಕದ ಕಡೆಗಿದೆ.

ಮುಂದೆ ಇದೇ ಈಜುಗಾರರ ಬಳಗದಿಂದ ಮುಳುಗಿದ ಗುಲಾಮರ ಹಡಗುಗಳನ್ನು ಅಳೆದು ದಾಖಲಿಸುವವರ ತಂಡವೂ ಹೊರಟಿತು. 1794ರ ಡಿಸೆಂಬರಿನಲ್ಲಿ ಮೊಜಾಂಬಿಕ್‌ನಿಂದ ಬ್ರೆಜಿಲ್‌ಗೆ 500ಕ್ಕೂ ಹೆಚ್ಚು ಜನರನ್ನು ಹೊತ್ತು ಹೋಗುತ್ತಿದ್ದ 'ಸಾವ್ ಜೋಸೆ' ಹಡಗು ಕೇಪ್‌ಟೌನಿನ ಬಳಿ ಒಡೆದು 200ಕ್ಕೂ ಹೆಚ್ಚು ಗುಲಾಮರು ಮುಳುಗಿದ್ದರು. 2015ರಲ್ಲಿ ಅದರ ಗುರುತು ಸಿಕ್ಕಿತೆಂದು ಸಾರಿದಾಗ ಮೊಜಾಂಬಿಕ್‌ನಿಂದ ಒಂದು ಬುಟ್ಟಿ ಮಣ್ಣು ತಂದು, ಈಜುಗಾರರ ಕೈಯಲ್ಲಿ ಆ ನೀರಿಗೆ ಬಿಟ್ಟರು. ಸತ್ತವರ ಮೇಲೆ ಅವರೂರಿನ ಒಂದು ಹಿಡಿ ಮಣ್ಣು ಬೀಳಲು 221 ವರ್ಷ ಹಿಡಿಯಿತು. ಬಿದ್ದದ್ದಾದರೂ ಈಜು ಬಲ್ಲವರಿದ್ದದ್ದಕ್ಕೆ.

ಇದನ್ನೆಲ್ಲ ಆ ಗೆಳೆಯನಿಗೆ ಹೇಳಿದೆವು. ಅವನು ಕೇಳಿ ಸುಮ್ಮನಿದ್ದ. ಆಮೇಲೆ, "ಅಣ್ಣಾ, ನಾ ನಕ್ಕಿದ್ದು ತಪ್ಪಿರಬಹುದು. ಆದರೆ ಶಿಬಿರದಾಗೆ ಮಧ್ಯಾಹ್ನ ಊಟದ ಹೊತ್ತಿಗೆ ಇಬ್ರು ಬಸ್ಸಿಗೆ ಹೊತ್ತಾಯ್ತು ಅಂತ ಎದ್ದು ಹೋದ್ರಲ್ಲ, ಅದು ನಿಮ್ ಕಣ್ಣಿಗೆ ಬಿತ್ತಾ?" ಅಂದ. ಬಿದ್ದಿತ್ತು. ಹಿಂದಿನ ಶಿಬಿರದಲ್ಲೂ ಅವರಿಗೆ ಅದೇ ಹೊತ್ತಿಗೆ ಬಸ್ಸಿತ್ತು. ಅಡುಗೆ ಮಾಡಿದವನು ಈ ಗೆಳೆಯನೇ. ಅರವತ್ತು ಜನಕ್ಕೆ ಮುದ್ದೆ ತಿರುವಿ ಅವನ ಅಂಗೈ ಬೊಬ್ಬೆ ಬಂದಿತ್ತು. ನಾವು ಆಗ ಏನೂ ಕೇಳಲಿಲ್ಲ. ಒಳ್ಳೆಯ ಕಾರ್ಯಕರ್ತರು, ಭಾಷಣ ಚೆನ್ನಾಗಿ ಮಾಡುತ್ತಾರೆ, ಯಾಕೆ ಮನಸ್ತಾಪ ಅಂತ ನುಂಗಿಕೊಂಡೆವು.

ಬರುವ ತಿಂಗಳ ಶಿಬಿರಕ್ಕೂ ಅಡುಗೆ ಅವನದೇ. ಆ ಇಬ್ಬರಿಗೂ ಹೇಳಿ ಕಳಿಸಿದ್ದೇವೆ, ಸಂಜೆ ಆರೂವರೆಗೂ ಒಂದು ಬಸ್ಸಿದೆ ಅಂತ.