ಕಾಣುವುದು ಮತ್ತು ಕಾಣಿಸಿಕೊಳ್ಳುವುದು

ಕಂಡದ್ದೇ ನಿಜ, ಕಾಣದ್ದು ಇಲ್ಲ ಎಂಬ ಮಾತು ಲೋಕದಲ್ಲಿ ರೂಢವಾಗಿದೆ. ವ್ಯವಹಾರಕ್ಕೆ ಈ ಮಾತು ಸಾಕಾದೀತು, ವಿಚಾರಕ್ಕೆ ಸಾಲದು. ಹಗಲು ಬೆಳಕಿನಲ್ಲಿ ನೆಲದ ಮೇಲೆ ಗಡಿಗೆಯು ಕಾಣದಿದ್ದರೆ ಅಲ್ಲಿ ಗಡಿಗೆಯಿಲ್ಲವೆಂದು ಹೇಳಬಹುದು. ಕತ್ತಲೆಯ ಕೋಣೆಯಲ್ಲಿ ನಿಂತು, ಕಾಣಲಿಲ್ಲವಾದುದರಿಂದ ಗಡಿಗೆಯೇ ಇಲ್ಲವೆಂದು ಸಾಧಿಸುವವನು ನಗೆಗೀಡಾಗುತ್ತಾನೆ. ಮೀಮಾಂಸಕರಲ್ಲಿ ಭಾಟ್ಟರೂ ವೇದಾಂತಿಗಳಲ್ಲಿ ಅದ್ವೈತಿಗಳೂ ‘ಅನುಪಲಬ್ಧಿ’ಯನ್ನು, ಎಂದರೆ ಕಾಣದಿರುವಿಕೆಯನ್ನು, ಒಂದು ಪ್ರಮಾಣವೆಂದು ಒಪ್ಪಿದರೂ ಅದಕ್ಕೆ ‘ಯೋಗ್ಯ’ ಎಂಬ ವಿಶೇಷಣವನ್ನು ಸೇರಿಸಿರುವುದು ಇದಕ್ಕಾಗಿಯೇ. ಬೆಳಕು, ಕಣ್ಣು, ಅವಧಾನ ಎಲ್ಲವೂ ಕೂಡಿದ್ದು, ಇದ್ದರೆ ಕಾಣಲೇಬೇಕಾಗಿದ್ದ ವಸ್ತುವು ಕಾಣದಾದಾಗ ಮಾತ್ರ ಅದರ ಅಭಾವವು ಸಿದ್ಧವಾಗುತ್ತದೆ. ಉಳಿದೆಡೆಯಲ್ಲಿ ಕೊರತೆಯು ವಸ್ತುವಿನದಲ್ಲ, ನೋಡುವವನದು.

ಹಾಗಾದರೆ ಇರುವ ವಸ್ತುವು ಕಾಣದೆ ಹೋಗುವುದೇಕೆ? ಈಶ್ವರಕೃಷ್ಣನು ತನ್ನ ಸಾಂಖ್ಯಕಾರಿಕೆಯಲ್ಲಿ ಇದಕ್ಕೆ ಎಂಟು ಕಾರಣಗಳನ್ನು ಎಣಿಸಿದ್ದಾನೆ. ಬಹು ದೂರದಲ್ಲಿರುವುದು, ಬಹು ಹತ್ತಿರದಲ್ಲಿರುವುದು, ಇಂದ್ರಿಯವು ಕೆಟ್ಟಿರುವುದು, ಮನಸ್ಸು ಬೇರೆಡೆಗೆ ಹರಿದಿರುವುದು, ವಸ್ತುವು ಅತಿ ಸೂಕ್ಷ್ಮವಾಗಿರುವುದು, ನಡುವೆ ಮರೆಯಿರುವುದು, ಹೆಚ್ಚಿನ ತೇಜಸ್ಸಿನ ಮುಂದೆ ಮಂಕಾಗುವುದು, ತನ್ನಂಥವೇ ಆದ ವಸ್ತುಗಳೊಡನೆ ಬೆರೆತುಹೋಗುವುದು. ಹಗಲಿನಲ್ಲಿ ನಕ್ಷತ್ರವು ಕಾಣದು. ಕಣ್ಣಿಗೆ ಹಚ್ಚಿದ ಕಾಡಿಗೆಯು ಆ ಕಣ್ಣಿಗೇ ಕಾಣದು. ಈ ಎಂಟನ್ನು ಕೈಯಲ್ಲಿ ಹಿಡಿದು ಇಂದಿನ ಲೋಕವನ್ನು ನೋಡಿದರೆ ಅನೇಕ ವಿಷಯಗಳು ತಾವಾಗಿಯೇ ಸ್ಪಷ್ಟವಾಗುತ್ತವೆ.

ವಿಜ್ಞಾನವು ಇವುಗಳಲ್ಲಿ ದೂರವನ್ನೂ ಸೂಕ್ಷ್ಮವನ್ನೂ ಮರೆಯನ್ನೂ ಬಹುಮಟ್ಟಿಗೆ ಗೆದ್ದಿದೆ. ದೂರದರ್ಶಕವು ದೂರವನ್ನು ನುಂಗಿತು. ಸೂಕ್ಷ್ಮದರ್ಶಕವು ಹನಿ ನೀರಿನಲ್ಲಿ ಜೀವಿಗಳ ಲೋಕವನ್ನೇ ತೋರಿಸಿತು. 1895ರಲ್ಲಿ ರಾಂಟ್ಜನ್ನನು ಕಂಡುಹಿಡಿದ ಕ್ಷಕಿರಣವು ಚರ್ಮಮಾಂಸಗಳ ಮರೆಯಲ್ಲಿದ್ದ ಎಲುಬನ್ನು ಬಯಲಿಗೆ ತಂದಿತು. ಯುರೇನಸ್ ಗ್ರಹದ ಗತಿಯಲ್ಲಿ ಕಂಡ ವ್ಯತ್ಯಾಸದಿಂದ ಲೆವೆರಿಯೆ ಎಂಬ ಗಣಿತಜ್ಞನು ಇನ್ನೊಂದು ಗ್ರಹವಿರಬೇಕೆಂದು ಊಹಿಸಿ ಅದರ ನೆಲೆಯನ್ನು ಲೆಕ್ಕ ಹಾಕಿದನು. 1846ರಲ್ಲಿ ಬರ್ಲಿನ್ನಿನ ವೀಕ್ಷಣಾಲಯದಲ್ಲಿ ಆ ದಿಕ್ಕಿಗೆ ದೂರದರ್ಶಕವನ್ನು ತಿರುಗಿಸಿದಾಗ ನೆಪ್ಚೂನ್ ಕಾಣಿಸಿತು. ಇಷ್ಟಾದರೂ ವಿಶ್ವದ ಒಟ್ಟು ಸತ್ತ್ವದಲ್ಲಿ ಉಪಕರಣಗಳಿಗೆ ಗೋಚರವಾಗಬಲ್ಲ ಸಾಮಾನ್ಯ ದ್ರವ್ಯವು ನೂರಕ್ಕೆ ಸುಮಾರು 5 ಪಾಲು ಮಾತ್ರವೆಂದು ಖಗೋಳಜ್ಞರೇ ಹೇಳುತ್ತಾರೆ. ಕಂಡಷ್ಟೇ ಸತ್ಯವೆನ್ನುವ ಹಮ್ಮು ನಿಜವಾದ ವಿಜ್ಞಾನಿಗೆ ಇಲ್ಲ.

ದಾರಿಯ ಮೇಲಿನ ಸಂಚಾರವು ಇದೇ ಪಾಠವನ್ನು ಇನ್ನಷ್ಟು ಕಠಿನವಾಗಿ ಕಲಿಸುತ್ತದೆ. ಕಣ್ಣಿನ ನಿಲುಕು 1000 ಮೀಟರಿಗಿಂತ ಕಡಿಮೆಯಾದರೆ ಹವಾಮಾನಶಾಸ್ತ್ರದಲ್ಲಿ ಅದನ್ನು ಮಂಜು ಎಂದು ಗಣಿಸುತ್ತಾರೆ. ಅಂಥ ಮಂಜಿನಲ್ಲಿ ಅನನುಭವಿಯಾದ ಚಾಲಕನು ತನ್ನ ವಾಹನದ ದೀಪವನ್ನು ಪೂರ್ಣ ಪ್ರಖರತೆಗೆ ಏರಿಸುತ್ತಾನೆ. ಆಗ ಆ ಬೆಳಕು ಮುಂದಿನ ದಾರಿಯನ್ನು ತೋರಿಸುವ ಬದಲು ಜಲಕಣಗಳಿಗೆ ತಗುಲಿ ಚದರಿ ಅವನ ಕಣ್ಣಿಗೇ ಹಿಂದಿರುಗುತ್ತದೆ. ಎದುರಿಗೆ ಬಿಳಿಯ ಗೋಡೆಯೊಂದು ಎದ್ದು ನಿಲ್ಲುತ್ತದೆ. ಅನುಭವಿಯು ದೀಪವನ್ನು ತಗ್ಗಿಸುತ್ತಾನೆ, ವೇಗವನ್ನೂ ತಗ್ಗಿಸುತ್ತಾನೆ. ಕಂಡಷ್ಟು ದೂರದೊಳಗೆ ನಿಲ್ಲಬಲ್ಲಷ್ಟೇ ವೇಗದಲ್ಲಿ ಹೋಗುವುದು ಅವನ ಧರ್ಮ. ತನ್ನ ಬೆಳಕೇ ತನ್ನ ಕಣ್ಣನ್ನು ಕುಕ್ಕುವ ಸಂದರ್ಭವು ದಾರಿಯಲ್ಲಿ ಮಾತ್ರವಲ್ಲ, ವಿದ್ಯೆ ಧನ ಅಧಿಕಾರಗಳಲ್ಲಿಯೂ ಉಂಟು.

ಸಂಚಾರದಲ್ಲಿ ಮತ್ತೊಂದು ಸೂಕ್ಷ್ಮವಿದೆ. ಭಾರತದಲ್ಲಿ 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳ ಮುಂದೀಪವು ಹಗಲಿನಲ್ಲಿಯೂ ಉರಿಯಬೇಕೆಂಬ ನಿಯಮವು ಜಾರಿಗೆ ಬಂದಿತು. ಹಗಲು ದೀಪವೇಕೆಂದು ಕೇಳಿದವರುಂಟು. ಆ ದೀಪವು ಸವಾರನಿಗೆ ದಾರಿಯನ್ನು ತೋರಿಸುವುದಕ್ಕಲ್ಲ. ಎದುರಿನಿಂದ ಬರುವವರಿಗೆ ಸವಾರನನ್ನು ತೋರಿಸುವುದಕ್ಕೆ. ಹೀಗೆ ಕಾಣುವುದು ಒಂದು, ಕಾಣಿಸಿಕೊಳ್ಳುವುದು ಇನ್ನೊಂದು. ಕಾಣಿಸಿಕೊಳ್ಳುವುದೆಲ್ಲವೂ ಡಂಭವಲ್ಲ. ಅದು ಪರರ ಹಿತಕ್ಕಾದರೆ ಕರ್ತವ್ಯ, ತನ್ನ ಹೆಚ್ಚಳಕ್ಕಾದರೆ ಡಂಭ.

ಈ ವಿವೇಕವು ಶರಣಧರ್ಮದ ಆಚರಣೆಯಲ್ಲಿಯೇ ಅಡಗಿದೆ. ಪರಶಿವನು ಅಗೋಚರನು. ಆ ಅಗೋಚರವನ್ನು ಶ್ರೀಗುರುವು ಇಷ್ಟಲಿಂಗವನ್ನಾಗಿ ಶಿಷ್ಯನ ಕರಸ್ಥಲಕ್ಕೆ ಅನುಗ್ರಹಿಸುತ್ತಾನೆ. ಭಕ್ತನು ಅದನ್ನು ಅಂಗೈಯಲ್ಲಿರಿಸಿ ಅನಿಮಿಷ ದೃಷ್ಟಿಯಿಂದ ನೋಡುತ್ತಾನೆ; ಪೂಜೆ ಮುಗಿದೊಡನೆ ವಸ್ತ್ರದಲ್ಲಿಯೋ ಕರಡಿಗೆಯಲ್ಲಿಯೋ ಇರಿಸಿ ಎದೆಯ ಮೇಲೆ ಮರೆಯಾಗಿ ಧರಿಸುತ್ತಾನೆ. ಲಿಂಗವು ಕಾಣುವುದಕ್ಕೆ, ಕಾಣಿಸಿಕೊಳ್ಳುವುದಕ್ಕಲ್ಲ. ಹಣೆಯ ವಿಭೂತಿಯಾದರೋ ಎಲ್ಲರಿಗೂ ಕಾಣುವಂಥದು. ಅದು ಹಗಲು ದೀಪದಂತೆ. ‘ಇವನಲ್ಲಿ ವಂಚನೆಯಿಲ್ಲ, ಇವನ ಬಾಗಿಲಿಗೆ ಧೈರ್ಯವಾಗಿ ಬರಬಹುದು’ ಎಂದು ಎದುರು ಬರುವವರಿಗೆ ಅದು ಭರವಸೆಯನ್ನೀಯಬೇಕು. ಭರವಸೆಯನ್ನು ಹಣೆಗೆ ಹಚ್ಚಿಕೊಂಡು ತಕ್ಕಡಿಯಲ್ಲಿ ಮೋಸ ಮಾಡುವವನು, ದೀಪವನ್ನು ತೋರಿಸಿ ದಾರಿ ತಪ್ಪಿಸುವವನಿಗೆ ಸಮಾನನು.

ಇನ್ನು ಸಮಾಜದ ವಿಷಯ. ಇಲ್ಲಿ ಮನುಷ್ಯರು ಮನುಷ್ಯರಿಗೆ ಕಾಣದೆ ಹೋಗುವುದಕ್ಕೆ ಮೇಲೆ ಹೇಳಿದ ಎಂಟು ಕಾರಣಗಳಲ್ಲದೆ ಒಂಬತ್ತನೆಯದೊಂದುಂಟು. ಅದು ಕಾಣಬಾರದೆಂಬ ಸಂಕಲ್ಪ. ಕಣ್ಣು ಕೆಟ್ಟಿಲ್ಲ, ದೂರವಿಲ್ಲ, ಮರೆಯಿಲ್ಲ. ಆದರೂ ನೋಡುವವನು ಮುಖವನ್ನು ತಿರುಗಿಸುತ್ತಾನೆ. ಉಳಿದ ಎಂಟು ದೋಷಗಳಿಗೆ ಕ್ಷಮೆಯುಂಟು, ಇದಕ್ಕೆ ಇಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಮುರಿದದ್ದು ಈ ಸಂಕಲ್ಪವನ್ನೇ. ಅವರ ಹೆಸರುಗಳನ್ನು ನೋಡಿದರೆ ಸಾಕು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ. ಊರು ಕಾಣಬಯಸದಿದ್ದ ಕುಲಗಳನ್ನೂ ಕಂಡೂ ಕಾಣದಂತಿದ್ದ ಕಾಯಕಗಳನ್ನೂ ಇವರು ಮರೆಮಾಚಲಿಲ್ಲ. ಹೆಸರಿನ ಮೊದಲಿಗೇ ಇಟ್ಟುಕೊಂಡರು. ಮಾದಾರನೆಂಬ ಮಾತನ್ನು ಬಿಟ್ಟು ಚೆನ್ನಯ್ಯನನ್ನು ಕರೆಯಲು ಬಾರದಂತೆ ಮಾಡಿದರು.

ಆದರೆ ಅವರ ಮಾತುಗಳೇ ಮುಂದೆ ಬಹುಕಾಲ ಕಣ್ಮರೆಯಾದುವು. ಕಾರಣ ದೂರವಲ್ಲ, ಅತಿಸಾಮೀಪ್ಯ. ಜಗಲಿಯ ಮೇಲಿನ ಓಲೆಗರಿಯ ಕಟ್ಟಿಗೆ ವಿಭೂತಿ ಪತ್ರೆಗಳು ಏರುತ್ತಿದ್ದುವು; ಕಟ್ಟು ಬಿಚ್ಚುತ್ತಿರಲಿಲ್ಲ. ಫ. ಗು. ಹಳಕಟ್ಟಿಯವರು ಅವುಗಳನ್ನು ಹುಡುಕಿ ಸಂಗ್ರಹಿಸಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚು ಹಾಕಿಸಿದ ಮೇಲೆ ನಾಡಿನ ಕಣ್ಣು ತೆರೆಯಿತು. ಪೂಜೆಯೂ ಒಂದು ಮರೆಯಾಗಬಲ್ಲುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಒಂಬತ್ತನೆಯ ದೋಷವು ಕಲ್ಯಾಣದ ಕಾಲಕ್ಕೇ ಮುಗಿಯಲಿಲ್ಲ. ಕೋಲಾರದ ಗಣಿಗಳಲ್ಲಿ 3 ಕಿಲೋಮೀಟರಿಗೂ ಹೆಚ್ಚು ಆಳದಿಂದ ತೆಗೆದ ಚಿನ್ನವು ಲೋಕಕ್ಕೆಲ್ಲ ಕಂಡಿತು. ಅದೇ ಊರಿನಲ್ಲಿ ಒಣ ಪಾಯಿಖಾನೆಗಳ ಮಲವನ್ನು ಹೊತ್ತವರು ಯಾರಿಗೂ ಕಾಣಲಿಲ್ಲ. ಅಂಥ ಒಂದು ಮನೆಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ನರು ಆ ಕಾಣದವರನ್ನು ದೇಶದ ಕಣ್ಣ ಮುಂದೆ ತಂದು ನಿಲ್ಲಿಸಲು ಹೋರಾಡಿದರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯು ಸಂದಿತು. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿ 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಕಾನೂನು ಆದುವು. ಆದರೂ ಒಳಚರಂಡಿಗಿಳಿದು ಉಸಿರುಗಟ್ಟಿ ಸತ್ತವರ ವಾರ್ತೆಯು ನಿಲ್ಲಲಿಲ್ಲ. 2023ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅಂಥ ಮರಣಕ್ಕೆ 30 ಲಕ್ಷ ರೂಪಾಯಿಗಳ ಪರಿಹಾರವನ್ನು ವಿಧಿಸಬೇಕಾಯಿತು. ಬದುಕಿದ್ದಾಗ ಯಾರ ಕಣ್ಣಿಗೂ ಬೀಳದವನು ಸತ್ತ ಮೇಲೆ ಲೆಕ್ಕದ ಪುಸ್ತಕದಲ್ಲಿ ಕಾಣಿಸಿಕೊಂಡನು.

ಕಾನೂನು ದೀಪವನ್ನು ಹಚ್ಚಬಲ್ಲುದು. ತಿರುಗಿದ ಮುಖವನ್ನು ಇತ್ತ ತಿರುಗಿಸಲಾರದು. ಅದು ಧರ್ಮದ ಕೆಲಸ. ದಾಸೋಹದ ಪಂಕ್ತಿಯಲ್ಲಿ ಬಡಿಸುವವನ ಹೆಸರು ಎಲ್ಲರಿಗೂ ತಿಳಿದಿರುತ್ತದೆ. ಎಲೆಗಳನ್ನು ಎತ್ತಿದವಳ ಹೆಸರು ಯಾರಿಗೆ ತಿಳಿದಿದೆ? ಮಠಕ್ಕೆ ಕಟ್ಟಿಸಿಕೊಟ್ಟ ಕೊಠಡಿಯ ಗೋಡೆಯಲ್ಲಿ ದಾನಿಯ ಹೆಸರಿನ ಕಲ್ಲು ಇರುತ್ತದೆ. ಆ ಗೋಡೆಗೆ ಇಟ್ಟಿಗೆ ಹೊತ್ತವರಿಗೆ ಅಂದಿನ ಕೂಲಿಯಾದರೂ ಪೂರ್ತಿ ಸಂದಿತೆ? ಹಿತ್ತಿಲ ಬಾಗಿಲಿನಿಂದ ಬಂದು ಹೋಗುವವರು ಮುಂಬಾಗಿಲಿನಿಂದ ಬರುವುದು ಎಂದಿಗೆ? ಇವು ಗೃಹಸ್ಥನು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು. ಉತ್ತರವನ್ನು ಹೇಳಬೇಕಾದುದು ಬಾಯಿಯಲ್ಲ, ಕಣ್ಣು.

ಬೆಳಗಿನ ಪೂಜೆಯಲ್ಲಿ ಎವೆಯಿಕ್ಕದೆ ಲಿಂಗವನ್ನು ನೋಡಿದ ಕಣ್ಣು, ಪೂಜೆಯಿಂದೆದ್ದ ಮೇಲೆ ಅಂಗಳವನ್ನು ಗುಡಿಸುವವಳ ಮುಖವನ್ನು ಕಾಣದಾದರೆ, ಆ ನೋಟವು ಅಂಗೈಯಲ್ಲಿಯೇ ನಿಂತುಹೋಯಿತೆಂದು ತಿಳಿಯಬೇಕು. ಅಗೋಚರನನ್ನು ಕಾಣಲು ಅಭ್ಯಾಸ ಮಾಡಿದವನಿಗೆ ಗೋಚರನಾದ ಮನುಷ್ಯನನ್ನು ಕಾಣುವುದು ಅಸಾಧ್ಯವಲ್ಲ. ಆ ಅಭ್ಯಾಸವು ಭಕ್ತರ ಮನೆಮನೆಗಳಲ್ಲಿ ನೆಲೆಗೊಳ್ಳಲಿ.