ವ್ಯಕ್ತಿ ಎಂದರೆ ಯಾರು?

1916ರಲ್ಲಿ ರೆಜಿನಾ ಗುಹಾ ಎಂಬ ಮಹಿಳೆ ಕಲ್ಕತ್ತಾ ವಿಶ್ವವಿದ್ಯಾಲಯದ ಕಾನೂನು ಪದವಿ ಹಿಡಿದು ವಕೀಲಿ ಸನದಿಗೆ ಅರ್ಜಿ ಹಾಕಿದರು. ಕಾನೂನು ಓದಿ ಮುಗಿಸಿದ್ದರು, ವಿಶ್ವವಿದ್ಯಾಲಯ ಪರೀಕ್ಷಿಸಿ ಪದವಿ ಕೊಟ್ಟಿತ್ತು. 1879ರ ಲೀಗಲ್ ಪ್ರಾಕ್ಟೀಷನರ್ಸ್ ಕಾಯ್ದೆ ಅರ್ಹತೆಯುಳ್ಳ ‘ವ್ಯಕ್ತಿ’ಯ ಬಗ್ಗೆ ಮಾತಾಡುತ್ತಿತ್ತೇ ಹೊರತು ಹೆಂಗಸರಿಗೆ ಸನದು ಕೊಡಕೂಡದೆಂದು ಎಲ್ಲಿಯೂ ಹೇಳಿರಲಿಲ್ಲ. ಆದರೂ ಕಲ್ಕತ್ತಾ ಹೈಕೋರ್ಟಿನ ವಿಶೇಷ ಪೀಠ ಅರ್ಜಿಯನ್ನು ತಳ್ಳಿಹಾಕಿತು. ಆ ಕಾಯ್ದೆಯ ‘ವ್ಯಕ್ತಿ’ ಎಂಬ ಪದದೊಳಗೆ ಹೆಣ್ಣು ಸೇರುವುದಿಲ್ಲ ಎಂಬುದೇ ತೀರ್ಪಿನ ತಿರುಳು.

ಆ ಪೀಠದಲ್ಲಿ ಕುಳಿತವರು ದಡ್ಡರಾಗಿರಲಿಲ್ಲ. ಕಾನೂನನ್ನು ಅರೆದು ಕುಡಿದವರು. ಅದಕ್ಕೇ ಈ ಪ್ರಕರಣ ನನ್ನನ್ನು ಬಿಡದೆ ಕಾಡುತ್ತದೆ. ಕಾಯ್ದೆಗಳಲ್ಲಿ ಬರುವ ಪುಲ್ಲಿಂಗ ಪದಗಳು ಸ್ತ್ರೀಯರಿಗೂ ಅನ್ವಯಿಸುತ್ತವೆ ಎಂಬ ನಿಯಮ ಆಗಲೇ ಜನರಲ್ ಕ್ಲಾಸಸ್ ಕಾಯ್ದೆಯಲ್ಲಿತ್ತು. ಸಂದರ್ಭ ಒಪ್ಪದಿದ್ದರೆ ಮಾತ್ರ ಅದಕ್ಕೆ ವಿನಾಯಿತಿ. ನ್ಯಾಯಾಲಯ ಆ ವಿನಾಯಿತಿಯನ್ನೇ ಹಿಡಿಯಿತು. ಅದು ಕಂಡ ‘ಸಂದರ್ಭ’ವಾದರೂ ಯಾವುದು? ಈವರೆಗೆ ಯಾವ ಹೆಂಗಸೂ ವಕೀಲಳಾಗಿಲ್ಲ, ಕಾಯ್ದೆ ಬರೆದವರ ಮನಸ್ಸಿನಲ್ಲಿ ಹೆಂಗಸು ಇದ್ದಿರಲಾರಳು ಎಂಬ ರೂಢಿ. ಈಜು ಬಾರದವರು ನೀರಿಗಿಳಿಯಬಾರದು, ನೀರಿಗಿಳಿಯದೆ ಈಜು ಬಾರದು ಎಂಬಂಥ ವಾದವಿದು. ಹೊರಗಿಟ್ಟದ್ದನ್ನೇ ಹೊರಗಿಡುವುದಕ್ಕೆ ಸಾಕ್ಷಿಯಾಗಿ ತಂದು ನಿಲ್ಲಿಸಿದಾಗ ರೂಢಿ ತರ್ಕದ ವೇಷ ತೊಡುತ್ತದೆ. ಬುದ್ಧಿವಂತರು ಅದನ್ನು ತರ್ಕವೆಂದೇ ನಂಬಿಬಿಡುತ್ತಾರೆ.

ಐದು ವರ್ಷಗಳ ನಂತರ ಈ ವಾದದ ಟೊಳ್ಳು ತಾನಾಗಿ ಬಯಲಿಗೆ ಬಂತು. 1921ರಲ್ಲಿ ಅಲಹಾಬಾದ್ ಹೈಕೋರ್ಟ್ ಕಾರ್ನೇಲಿಯಾ ಸೊರಾಬ್ಜಿಯವರನ್ನು ವಕೀಲರಾಗಿ ನೋಂದಾಯಿಸಿಕೊಂಡಿತು. ಅದೇ ವರ್ಷ ಪಟ್ನಾ ಹೈಕೋರ್ಟ್ ಸುಧಾಂಶುಬಾಲಾ ಹಜ್ರಾ ಅವರ ಅರ್ಜಿಯನ್ನು ಕಲ್ಕತ್ತಾದ ದಾರಿಯಲ್ಲೇ ನಡೆದು ನಿರಾಕರಿಸಿತು. ಅಲಹಾಬಾದನ್ನು ಹಾದ ಗಂಗೆಯೇ ಪಟ್ನಾಕ್ಕೂ ಹರಿದುಹೋಗುವುದು. ಆಳುತ್ತಿದ್ದ ಸರ್ಕಾರವೂ ಒಂದೇ. ಹೊಳೆಯ ಮೇಲ್ಭಾಗದಲ್ಲಿ ವಕೀಲಳಾಗಬಲ್ಲ ಹೆಣ್ಣು ಕೆಳಭಾಗಕ್ಕೆ ಬರುವಷ್ಟರಲ್ಲಿ ಆಗಲಾರಳೆಂದರೆ, ಅಡ್ಡಿ ಹೆಣ್ಣಿನ ಸ್ವಭಾವದಲ್ಲಿ ಇಲ್ಲ, ಕಾನೂನನ್ನು ಓದುವವರ ಕಣ್ಣಿನಲ್ಲಿದೆ ಎಂದೇ ಅರ್ಥ.

ಸೊರಾಬ್ಜಿಯವರ ಬದುಕೇ ಈ ಕಣ್ಣಿನ ದೋಷಕ್ಕೆ ತೆತ್ತ ಬೆಲೆಯ ಲೆಕ್ಕ. ನಾಸಿಕದಲ್ಲಿ 1866ರಲ್ಲಿ ಹುಟ್ಟಿದ ಅವರು ಬೊಂಬಾಯಿ ವಿಶ್ವವಿದ್ಯಾಲಯದ ಮೊದಲ ಪದವೀಧರೆ. ಅವರ ಅಂಕಗಳಿಗೆ ಇಂಗ್ಲೆಂಡಿನಲ್ಲಿ ಓದಲು ಸರ್ಕಾರದ ವಿದ್ಯಾರ್ಥಿವೇತನ ಸಿಗಬೇಕಿತ್ತು. ಹೆಣ್ಣೆಂಬ ಕಾರಣಕ್ಕೆ ಸಿಗಲಿಲ್ಲ. ಹಿತೈಷಿಗಳು ಹಣ ಕೂಡಿಸಿ ಕಳಿಸಿದರು. ಆಕ್ಸ್‌ಫರ್ಡಿನ ಸಾಮರ್ವಿಲ್‌ನಲ್ಲಿ ಓದಿ, ವಿಶೇಷ ಅನುಮತಿ ಪಡೆದು, 1892ರಲ್ಲಿ ಅಲ್ಲಿನ ಕಾನೂನು ಪದವಿ ಪರೀಕ್ಷೆ ಬರೆದ ಮೊದಲ ಮಹಿಳೆಯಾದರು. ಪದವಿ ಕೈಗೆ ಬಂದದ್ದು 1922ರಲ್ಲಿ. ಮೂವತ್ತು ವರ್ಷ! ಉತ್ತರಪತ್ರಿಕೆಯಲ್ಲಿದ್ದ ಜ್ಞಾನ ಈ ಮೂವತ್ತು ವರ್ಷಗಳಲ್ಲಿ ಬದಲಾಗಿರಲಿಲ್ಲ. ಬದಲಾಗಬೇಕಿದ್ದದ್ದು ವಿಶ್ವವಿದ್ಯಾಲಯ.

ಆ ನಡುವೆ, 1904ರಿಂದ, ಅವರು ಜಮೀನ್ದಾರಿ ಎಸ್ಟೇಟುಗಳನ್ನು ನೋಡಿಕೊಳ್ಳುತ್ತಿದ್ದ ಸರ್ಕಾರಿ ಇಲಾಖೆಯಾದ ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್‌ನಲ್ಲಿ ಪರದೆಯೊಳಗಿದ್ದ ಜಮೀನ್ದಾರಿ ವಿಧವೆಯರಿಗೂ ಮಕ್ಕಳಿಗೂ ಕಾನೂನು ಸಲಹೆಗಾರರಾಗಿದ್ದರು. ಆ ಹೆಂಗಸರ ಪಾಡನ್ನು ಎಣಿಸಿ ನೋಡಬೇಕು. ಅವರು ಯಾವುದಾದರೂ ಪತ್ರಕ್ಕೆ ರುಜು ಹಾಕಿದರೆ, ಅದರಲ್ಲಿರುವುದು ಅವರಿಗೆ ಮನದಟ್ಟಾಗಿತ್ತೆಂದು ಪತ್ರದ ಲಾಭ ಪಡೆಯುವವನೇ ಸಾಬೀತುಪಡಿಸಬೇಕೆಂದು ನ್ಯಾಯಾಲಯಗಳು ಹೇಳುತ್ತಿದ್ದವು. ಒಳ್ಳೆಯ ನಿಯಮವೇ. ಆದರೆ ಮನದಟ್ಟು ಮಾಡಿಸುವವರು ಯಾರು? ಪರಪುರುಷ ವಕೀಲ ಪರದೆಯೊಳಗೆ ಕಾಲಿಡುವಂತಿಲ್ಲ. ಒಳಗೆ ಹೋಗಬಲ್ಲ ಹೆಣ್ಣಿಗೆ ಸನದಿಲ್ಲ. ಉಳಿದವನು ಬಾಗಿಲಾಚೆ ಕಾಗದ ಹಿಡಿದು ನಿಂತ ಮೈದುನ ಅಥವಾ ಮನೆಯ ಕಾರಭಾರಿ. ಅನೇಕ ಸಲ ಆ ಆಸ್ತಿಯ ಮೇಲೆ ಕಣ್ಣಿಟ್ಟವನೂ ಅವನೇ. ಹೆಣ್ಣಿಗೆ ರಕ್ಷಣೆ ಬರೆದ ಕಾನೂನು, ಆ ರಕ್ಷಣೆಯನ್ನು ಅವಳ ಬಳಿಗೆ ಒಯ್ಯಬಲ್ಲ ಕೈಯನ್ನೇ ಕಟ್ಟಿಹಾಕಿತ್ತು.

ಒಂದು ಪದವನ್ನು ಕಿರಿದಾಗಿ ಓದಿದರೆ ಏನಾಗುತ್ತದೆಂಬುದಕ್ಕೆ ಇದು ನಿದರ್ಶನ. ಹಿರಿದಾಗಿ ಓದಿದ ಉದಾಹರಣೆ ನಮ್ಮ ನೆಲದಲ್ಲೇ ಇದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನವನ್ನು ಬರೆದ. ಆ ಸ್ಮೃತಿ ಸ್ತ್ರೀಧನದ ಬಗೆಗಳನ್ನು ಎಣಿಸಿ ಕೊನೆಗೆ ‘ಆದ್ಯ’, ಅಂದರೆ ‘ಮೊದಲಾದವು’ ಎನ್ನುತ್ತದೆ. ಆ ಪುಟ್ಟ ಪದದೊಳಗೆ ವಿಜ್ಞಾನೇಶ್ವರ ಉತ್ತರಾಧಿಕಾರದಿಂದ, ಖರೀದಿಯಿಂದ, ಪಾಲಿನಿಂದ ಹೆಣ್ಣಿಗೆ ಬಂದ ಆಸ್ತಿಯನ್ನೆಲ್ಲ ತಂದು ಕೂರಿಸಿದ. ಸ್ತ್ರೀಧನವೆಂದರೆ ಪದ ಹೇಳುವಂತೆ ಸ್ತ್ರೀಯ ಧನ ಎಂದ. ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ ಆ ಅರ್ಥವನ್ನು ಮತ್ತೆ ಕುಗ್ಗಿಸಿತು. ಹಿಂದೂ ಹೆಣ್ಣಿಗೆ ಬಂದ ಆಸ್ತಿ ಪೂರ್ತಿ ಅವಳದೇ ಎಂದು ದೇಶದ ಕಾನೂನು ಹೇಳಲು 1956 ಬರಬೇಕಾಯಿತು. ಎಂಟು ಶತಮಾನದ ಹಿಂದಿನ ಒಂದು ಓದು ಎಷ್ಟು ಹೆಂಗಸರ ಅನ್ನಕ್ಕೆ ದಾರಿಯಾಗಬಹುದಿತ್ತು!

ವಿಜ್ಞಾನೇಶ್ವರನನ್ನು ಹೊಗಳಿ ಹಳೆಯ ಕಾಲವನ್ನು ಮೆರೆಸಲು ನಾನು ಇದನ್ನು ಹೇಳುತ್ತಿಲ್ಲ. ಅವನ ಔದಾರ್ಯವೂ ಒಬ್ಬ ಗಂಡಸಿನ ಔದಾರ್ಯವೇ. ಅವನು ಕೊಟ್ಟದ್ದನ್ನು ಇನ್ನಷ್ಟು ಗಂಡಸರು ಕಸಿದರು. ಹೆಣ್ಣಿನ ಹಕ್ಕು ಯಾರದೋ ಒಳ್ಳೆಯ ಮನಸ್ಸನ್ನು ನೆಚ್ಚಿ ನಿಲ್ಲಬಾರದು. ಕಾನೂನು ತಾನಾಗಿ ಮಾತಾಡುವುದಿಲ್ಲ. ಮನುಷ್ಯರು ಓದಿದಂತೆ ಅದು ನುಡಿಯುತ್ತದೆ. ಓದುವ ಪಡಸಾಲೆಯಲ್ಲಿ ಅರ್ಧ ಸಮಾಜಕ್ಕೆ ಜಾಗವಿಲ್ಲದಿದ್ದರೆ ಆ ಕಾನೂನನ್ನು ಇನ್ನೂ ಪೂರ್ತಿ ಓದಿಯೇ ಇಲ್ಲ. ಮಹಿಳೆಯರ ಕಾನೂನು ಶಿಕ್ಷಣಕ್ಕೆ ಇದಕ್ಕಿಂತ ದೊಡ್ಡ ಸಮರ್ಥನೆ ನನಗೆ ಕಾಣುವುದಿಲ್ಲ.

1923ರಲ್ಲಿ ಶಾಸನಸಭೆಯೇ ಕಾಯ್ದೆ ಮಾಡಿ, ಹೆಣ್ಣೆಂಬ ಕಾರಣಕ್ಕೆ ಯಾರನ್ನೂ ವಕೀಲಿಯಿಂದ ದೂರವಿಡುವಂತಿಲ್ಲ ಎಂದಿತು. 1937ರಲ್ಲಿ ತಿರುವಾಂಕೂರಿನಲ್ಲಿ ಅನ್ನಾ ಚಾಂಡಿ ಮುನ್ಸೀಫರಾದರು, 1959ರಲ್ಲಿ ಕೇರಳ ಹೈಕೋರ್ಟಿನ ನ್ಯಾಯಮೂರ್ತಿ. 1989ರಲ್ಲಿ ಫಾತಿಮಾ ಬೀವಿ ಸುಪ್ರೀಂ ಕೋರ್ಟ್ ಸೇರಿದರು. ಬಳ್ಳಾರಿಯಲ್ಲಿ ವಕೀಲಿ ಆರಂಭಿಸಿದ ಮಂಜುಳಾ ಚೆಲ್ಲೂರ್ ಕೇರಳ, ಕಲ್ಕತ್ತಾ, ಬೊಂಬಾಯಿ ಮೂರೂ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾದರು. ರೆಜಿನಾ ಗುಹಾರನ್ನು ‘ವ್ಯಕ್ತಿ’ಯಲ್ಲವೆಂದ ನ್ಯಾಯಾಲಯವೂ ಅವುಗಳಲ್ಲೊಂದು. ಬೆಂಗಳೂರಿನಲ್ಲಿ ಸನದು ಪಡೆದ ಬಿ.ವಿ. ನಾಗರತ್ನ ಅವರು 2021ರ ಆಗಸ್ಟ್ 31ರಂದು ಇನ್ನಿಬ್ಬರು ಮಹಿಳೆಯರೊಂದಿಗೆ ಸುಪ್ರೀಂ ಕೋರ್ಟಿನಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಸಂತೋಷದ ದಿನ. ಆದರೆ 1950ರಿಂದ ಅಂದಿನವರೆಗೆ ಆ ಪೀಠವೇರಿದ ಮಹಿಳೆಯರು ಒಟ್ಟು 11 ಮಂದಿ ಮಾತ್ರ.

ಕಾಲೇಜಿನ ಬಾಗಿಲು ತೆರೆದಿದೆ. ನ್ಯಾಷನಲ್ ಲಾ ಸ್ಕೂಲಿನಿಂದ ಜಿಲ್ಲಾ ಊರುಗಳ ಕಾನೂನು ಕಾಲೇಜುಗಳವರೆಗೆ ಹೆಣ್ಣುಮಕ್ಕಳು ಓದುತ್ತಿದ್ದಾರೆ. ತೊಡಕು ಆಚೆಗಿನ ದಾರಿಯಲ್ಲಿದೆ. “ಲಾ ಓದಿದವಳು ಮನೆಯಲ್ಲೂ ವಾದ ಮಾಡ್ತಾಳೆ” ಎಂದು ಸಂಬಂಧ ತಪ್ಪುವ ಭಯ ತಂದೆತಾಯಿಗೆ. “ಮದುವೆಯಾದ್ಮೇಲೆ ಬಿಟ್ಟುಹೋಗ್ತಾಳೆ” ಎಂದು ಸೀನಿಯರ್ ಕಚೇರಿಯಲ್ಲಿ ಹಿಂಜರಿಕೆ. ಜೂನಿಯರ್ ಆಗಿ ದುಡಿಯುವ ಮೊದಲ ವರ್ಷಗಳಲ್ಲಿ ಬಸ್ ಖರ್ಚಿಗೆ ಸಾಲುವಷ್ಟೂ ಸಂಪಾದನೆ ಇರುವುದಿಲ್ಲ. ಮನೆಯ ಆಸರೆಯಿಲ್ಲದವಳು ಅಲ್ಲಿಯೇ ಸೋಲುತ್ತಾಳೆ. ಜೀವನಾಂಶದ ಕೇಸು ಅವಳ ಮೇಜಿಗೆ, ಜಮೀನಿನ ದಾವೆ ಪಕ್ಕದ ಮೇಜಿಗೆ. ಬೆಂಗಳೂರು ವಕೀಲರ ಸಂಘದಲ್ಲಿ ಖಜಾಂಚಿ ಹುದ್ದೆಯನ್ನು ಮಹಿಳೆಗೆ ಮೀಸಲಿಡಲು 2025ರಲ್ಲಿ ಸುಪ್ರೀಂ ಕೋರ್ಟೇ ಆದೇಶಿಸಬೇಕಾಯಿತು. ‘ಈ ವೃತ್ತಿ ಹೆಂಗಸರಿಗೆ ಕಷ್ಟ’ ಎಂದು ಮರುಕದ ದನಿಯಲ್ಲಿ ಹೇಳುವವರು ಬಹಳ. ಕಷ್ಟವನ್ನು ಕಟ್ಟಿದವರು ಮನುಷ್ಯರೇ, ಬಿಚ್ಚಬಲ್ಲವರೂ ಮನುಷ್ಯರೇ. 1916ರ ‘ಸಂದರ್ಭ’ ಇವತ್ತು ಈ ಮರುಕದ ರೂಪದಲ್ಲಿ ಬದುಕಿದೆ.

ಹೆಣ್ಣು ವಕೀಲಳಾದರೆ ಹೆಣ್ಣಿಗೆ ನ್ಯಾಯ ಸಿಕ್ಕೇ ಸಿಗುತ್ತದೆಯೇ ಎಂಬ ಪ್ರಶ್ನೆಯಿದೆ. ಪ್ರಾಮಾಣಿಕ ಉತ್ತರ: ಸಿಕ್ಕೇ ಸಿಗುತ್ತದೆಂದು ಹೇಳಲಾಗದು. ಪರದೆಯ ಹೆಂಗಸರಿಗಾಗಿ ಅಷ್ಟು ದುಡಿದ ಸೊರಾಬ್ಜಿ ಬ್ರಿಟಿಷ್ ಆಳ್ವಿಕೆಯ ಪರವಾಗಿದ್ದರು, ಗಾಂಧೀಜಿಯ ಚಳವಳಿಯನ್ನು ವಿರೋಧಿಸಿದರು. ಅವರ ರಾಜಕೀಯ ನನಗೆ ಒಪ್ಪಿಗೆಯಿಲ್ಲ. ಆದರೆ ಅವರ ಸನದಿನ ಹಕ್ಕು ನನ್ನ ಒಪ್ಪಿಗೆಯ ಮೇಲೆ ನಿಂತದ್ದಲ್ಲ. ಕರಿಕೋಟು ತೊಡುವ ಗಂಡಸನ್ನು ‘ನೀನು ಕರುಣಾಳುವೇ, ತ್ಯಾಗಿಯೇ’ ಎಂದು ಯಾರೂ ಕೇಳುವುದಿಲ್ಲ. ಹೆಣ್ಣಿಗೆ ಮಾತ್ರ ಸದ್ಗುಣದ ಸುಂಕ ಹಾಕುವುದು ಹೊರಗಿಡುವುದರ ಇನ್ನೊಂದು ಬಗೆ.

1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 14ನೆಯ ವಿಧಿ, ಕಾನೂನಿನ ಮುಂದೆ ಸಮಾನತೆಯನ್ನು ಪ್ರಭುತ್ವ ಯಾವುದೇ ‘ವ್ಯಕ್ತಿ’ಗೆ ನಿರಾಕರಿಸುವಂತಿಲ್ಲ ಎನ್ನುತ್ತದೆ. ಕಲ್ಕತ್ತಾದಲ್ಲಿ ಹೆಣ್ಣಿಗೆ ಮುಚ್ಚಿದ ಪದವೇ ಇಲ್ಲಿ ಎಲ್ಲರಿಗೂ ತೆರೆದು ನಿಂತಿದೆ. ಆ ಪದವನ್ನು ಕರಡಿನಲ್ಲಿ ಓದಿ ಒಪ್ಪಿದ ಸಂವಿಧಾನ ಸಭೆಯಲ್ಲಿ ಮಹಿಳೆಯರೂ ಕುಳಿತಿದ್ದರು. ಇನ್ನು ಅದನ್ನು ತಾಲ್ಲೂಕು ಕೋರ್ಟಿನವರೆಗೆ ಓದಿಕೊಂಡು ಹೋಗಬೇಕಿದೆ: ಬದುಕಲು ಸಾಲುವ ಜೂನಿಯರ್ ವೇತನವಾಗಿ, ಶುಚಿಯಾದ ಶೌಚಾಲಯವಾಗಿ, ಕೂಸನ್ನು ಮಲಗಿಸುವ ಕೋಣೆಯಾಗಿ, ಜಮೀನಿನ ದಾವೆಯ ಕಡತ ಅವಳ ಮೇಜಿಗೂ ಬರುವ ವಿಶ್ವಾಸವಾಗಿ. ರೆಜಿನಾ ಗುಹಾ ಕೇಳಿದ್ದು ಕೃಪೆಯನ್ನಲ್ಲ. ಬರೆದಿದ್ದ ಪದವನ್ನು ಬರೆದಂತೆಯೇ ಓದಿ ಎಂದಷ್ಟೇ ಕೇಳಿದ್ದರು.